ಅಲ್ಟ್ರಾ-320 ಸ್ಕಸಿಯ ವೇಗ ಒಸಿ-48 ಲಿಂಕ್‌ನಲ್ಲಿ ಹಿಡಿಸುತ್ತದೆಯೇ?

ಹಿಡಿಸುವುದಿಲ್ಲ, ಸ್ವಲ್ಪದರಲ್ಲೇ ತಪ್ಪುತ್ತದೆ. ಸ್ಕಸಿ ಎಂದರೆ ಕಂಪ್ಯೂಟರಿಗೆ ಡಿಸ್ಕ್‌ಗಳನ್ನು ಜೋಡಿಸುವ ಹಳೆಯ ವ್ಯವಸ್ಥೆ; ಒಸಿ-48 ಎಂದರೆ ದೂರಸಂಪರ್ಕದ ಆಪ್ಟಿಕಲ್ ಫೈಬರ್ ಲಿಂಕಿನ ಒಂದು ವೇಗದರ್ಜೆ.

ಡಿಸ್ಕ್ ಕಡೆಯವರು ಬೈಟ್‌ಗಳಲ್ಲಿ, ನೆಟ್‌ವರ್ಕ್‌ನವರು ಬಿಟ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಗೊಂದಲದ ಮೂಲ ಇದೇ. ಅಲ್ಟ್ರಾ-320 ಎಂದರೆ ಸೆಕೆಂಡಿಗೆ 320 ಮೆಗಾಬೈಟ್. ಒಂದು ಬೈಟ್‌ಗೆ 8 ಬಿಟ್, ಹಾಗಾಗಿ 8ರಿಂದ ಗುಣಿಸಿದರೆ 2560 ಮೆಗಾಬಿಟ್. ಒಸಿ-1 ಸೆಕೆಂಡಿಗೆ 51.84 ಮೆಗಾಬಿಟ್, ಒಸಿ-ಎನ್ ಅದರ ಎನ್ ಪಟ್ಟು. ಹಾಗಾಗಿ ಒಸಿ-48 = 2488.32 ಮೆಗಾಬಿಟ್, ಅಂದರೆ 311.04 ಮೆಗಾಬೈಟ್.

ಇದೂ ಪೂರ್ತಿ ಕೈಗೆ ಸಿಗುವುದಿಲ್ಲ. ಒಸಿ ಲಿಂಕ್‌ಗಳ ಮಾನದಂಡವಾದ ಸೋನೆಟ್‌ನ ಪ್ರತಿ ಫ್ರೇಮಿನಲ್ಲಿರುವ ಓವರ್‌ಹೆಡ್ (ನಿಯಂತ್ರಣ ಮಾಹಿತಿ) ಕಳೆದರೆ ಒಸಿ-48ಸಿಯಲ್ಲಿ (ಇಡೀ ಸಾಮರ್ಥ್ಯ ಒಂದೇ ವಾಹಿನಿಯಾಗಿರುವ ಒಸಿ-48) ಉಳಿಯುವುದು 2396.16 ಮೆಗಾಬಿಟ್, ಅಂದರೆ 299.52 ಮೆಗಾಬೈಟ್. ಅದರ ಮೇಲೆ ಇಂಟರ್ನೆಟ್ ಪ್ರೋಟೊಕಾಲ್‌ಗಳಾದ ಐಪಿ, ಟಿಸಿಪಿ ಪ್ರತಿ ಪ್ಯಾಕೆಟ್‌ಗೆ ಸೇರಿಸುವ ಹೆಡರ್‌ಗಳ ಪಾಲು ಬೇರೆ. ಸ್ಕಸಿಯ ಹಿಂದಿನ ಆವೃತ್ತಿ ಅಲ್ಟ್ರಾ-160 ಆದರೆ 1280 ಮೆಗಾಬಿಟ್, ಆರಾಮವಾಗಿ ಹಿಡಿಸುತ್ತದೆ.

ಎಲ್ಲದಕ್ಕೂ 8ರ ಗುಣಾಕಾರ ನಡೆಯದು. ಡಿಸ್ಕ್ ಜೋಡಿಸುವ ಇನ್ನೊಂದು ವ್ಯವಸ್ಥೆಯಾದ ಸಾಟಾದ 1.5 ಗಿಗಾಬಿಟ್ ತಂತಿಯ ಮೇಲಿನ ವೇಗ. ಅಲ್ಲಿ ಪ್ರತಿ 8 ಬಿಟ್‌ಗೆ 10 ಬಿಟ್ ಕಳಿಸುವುದರಿಂದ 10ರಿಂದ ಭಾಗಿಸಬೇಕು: 150 ಮೆಗಾಬೈಟ್. 8ರಿಂದ ಭಾಗಿಸಿ 187.5 ಎಂದು ಬರೆದುಕೊಂಡರೆ ಕಾಲು ಭಾಗ ಹೆಚ್ಚು ತೋರುತ್ತದೆ. ಹಲವು ತಂತಿಗಳಲ್ಲಿ ಒಟ್ಟಿಗೆ ಬಿಟ್ ಕಳಿಸುವ ಸಮಾನಾಂತರ ಸ್ಕಸಿ, ಐಡಿಇಗಳಲ್ಲಿ (ಸಾಟಾಗಿಂತ ಹಿಂದಿನ ಡಿಸ್ಕ್ ಸಂಪರ್ಕ) ಈ ಕೋಡಿಂಗ್ ಇಲ್ಲ.

ಇನ್ನೊಂದು: ಸ್ಕಸಿಯ 320 ಎಂಬುದು ಇಡೀ ಬಸ್ಸಿನ (ಸಾಧನಗಳೆಲ್ಲ ಬಳಸುವ ಒಂದೇ ದಾರಿಯ) ಗರಿಷ್ಠ ಮಿತಿ. ಗರಿಷ್ಠ 15 ಸಾಧನಗಳು ಅದನ್ನೇ ಹಂಚಿಕೊಳ್ಳುತ್ತವೆ, ಆದೇಶಗಳ ವಿನಿಮಯಕ್ಕೂ ಸಮಯ ಹೋಗುತ್ತದೆ. ಲಿಂಕ್ ಕೊಳ್ಳುವ ಮುನ್ನ ಡಿಸ್ಕ್‌ಗಳ ನಿಜವಾದ ಓದುವ ವೇಗ ಅಳೆಯಿರಿ. ಅದು 250 ಮೆಗಾಬೈಟ್ ದಾಟದಿದ್ದರೆ ಒಸಿ-48 ಸಾಕು, ಒಸಿ-192ಕ್ಕೆ ಹಣ ಸುರಿಯಬೇಡಿ.