ಸೂಟ್‌ಕೇಸ್ ಹಿಡಿದು ಬಂದವಳನ್ನು ಬಾಗಿಲಲ್ಲೇ ಬಿಟ್ಟಿರಿ

ನಮಸ್ಕಾರ.

ನಿರ್ದೇಶಕ ಮಿಲೋಶ್ ಫೋರ್ಮನ್ ಅವರ ಚೆಕ್ ಸಿನಿಮಾ ‘ಲವ್ಸ್ ಆಫ್ ಎ ಬ್ಲಾಂಡ್’ (1965) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಪೂರ್ತಿ ‘ಪ್ರೀತಿ ಎಂದರೇನು’ ಎಂಬ ಚಿಂತನೆ. ನಾಯಕಿ ಆಂದುಲಾ ಹೆಸರು ಬರುವುದೇ ಮೂರನೇ ಪುಟದಲ್ಲಿ. ಆ ಎರಡು ಪುಟವನ್ನು ಯಾವ ಸಿನಿಮಾಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ಹೊಡೆದುಹಾಕಿ. ಆಸ್ಕರ್ ನಾಮನಿರ್ದೇಶನದ ಪ್ಯಾರಾ ಕೂಡ ಬೇಡ.

‘ಸಣ್ಣ ಊರಿನ ಹುಡುಗಿಯ ಒಂಟಿತನ’ ಎಂದಿದ್ದೀರಿ. ಅದು ಎಲ್ಲಿಂದ ಬಂತು? ಅವಳು ದುಡಿಯುವುದು ಜ್ರುಚ್ ಊರಿನ ಶೂ ಕಾರ್ಖಾನೆಯಲ್ಲಿ; ಹಾಸ್ಟೆಲ್ ತುಂಬ ಹುಡುಗಿಯರು, ಗಂಡಸರು ಬೆರಳೆಣಿಕೆ. ಕಾರ್ಖಾನೆಯ ದೊಡ್ಡವರು ಸೈನ್ಯವನ್ನು ಕೇಳಿಕೊಂಡು ಒಂದು ತುಕಡಿ ತರಿಸುತ್ತಾರೆ. ರೈಲಿನಿಂದ ಇಳಿಯುವವರು ಹೆಂಡತಿ ಮಕ್ಕಳಿರುವ ನಡುವಯಸ್ಸಿನವರು! ಸಮಾಜವಾದಿ ಚೆಕೊಸ್ಲೊವಾಕಿಯದಲ್ಲಿ ಪ್ರೀತಿಗೂ ಮೇಲಿನಿಂದಲೇ ಏರ್ಪಾಡು. ಇದನ್ನು ಹೇಳದಿದ್ದರೆ ಅವಳ ಒಂಟಿತನ ಸುಮ್ನೆ ಒಂದು ಬೇಸರ ಅಷ್ಟೇ.

ಡಾನ್ಸ್ ಹಾಲ್ ಬಗ್ಗೆ ನೀವು ಬರೆದದ್ದು ಚೆನ್ನಾಗಿದೆ. ಸೈನಿಕನೊಬ್ಬ ಮದುವೆ ಉಂಗುರ ಬಿಚ್ಚಲು ಹೋಗಿ, ಅದು ನೆಲದ ಮೇಲೆ ಉರುಳಿ, ಅವನು ಮೇಜುಗಳ ಕೆಳಗೆ ಹುಡುಕುವ ಭಾಗ. ಅಲ್ಲಿ ನೀವು ಅಭಿಪ್ರಾಯ ಹೇಳಲಿಲ್ಲ, ಕಂಡದ್ದನ್ನು ಬರೆದಿರಿ. ಉಳಿದ ಕಡೆಯೂ ಹಾಗೇ ಬರೆಯಬೇಕಿತ್ತು.

ಪ್ರಾಗ್ ಭಾಗದಲ್ಲಿ ನನಗೆ ಜಾಸ್ತಿ ತಕರಾರಿದೆ. ಪಿಯಾನೊ ನುಡಿಸುವ ಮಿಲ್ಡಾ ಒಂದು ರಾತ್ರಿಯ ಮಾತಿಗೆ ‘ಬಾ’ ಎಂದಿರುತ್ತಾನೆ. ಆಂದುಲಾ ಅದನ್ನೇ ನಂಬಿ ಸೂಟ್‌ಕೇಸ್ ಹಿಡಿದು ಪ್ರಾಗ್‌ನಲ್ಲಿರುವ ಅವನ ಮನೆಗೆ ಬರುತ್ತಾಳೆ. ನೀವು ಬರೆದದ್ದು ಒಂದೇ ಸಾಲು: ‘ಮನೆಯವರು ಅವಳನ್ನು ತಿರಸ್ಕರಿಸುತ್ತಾರೆ.’ ಎಲ್ಲಿ ತಿರಸ್ಕರಿಸಿದರು? ಮಲಗಲು ಜಾಗ ಕೊಡುತ್ತಾರೆ! ಅಪ್ಪನಿಗೆ ಅವಳ ಮೇಲೆ ಕನಿಕರವೂ ಇದೆ. ಆದರೆ ಮಗ ಬಂದ ಮೇಲೆ ಅವಳ ಹತ್ತಿರ ಸುಳಿಯಬಾರದೆಂದು ಅಮ್ಮ ಅವನನ್ನು ತಮ್ಮ ಹಾಸಿಗೆಗೇ ಎಳೆದು ತರುತ್ತಾಳೆ. ಮೂವರೂ ಒಂದೇ ಹೊದಿಕೆಗಾಗಿ ಜಗ್ಗಾಡುತ್ತ ಜಗಳವಾಡುತ್ತಾರೆ. ನಾವು ನಗುತ್ತಿರುತ್ತೇವೆ. ಬಾಗಿಲಾಚೆ ಆಂದುಲಾ ಅದನ್ನು ಕೇಳಿಸಿಕೊಂಡು ಅಳುತ್ತಿರುತ್ತಾಳೆ.

ನೆಲೆ ನಿಂತ ಬದುಕು ಅಲ್ಲಾಡಿತು ಎಂದು ನೀವು ಬರೆಯುವುದು ಆಂದುಲಾಳ ಬದುಕಿನ ಬಗ್ಗೆ. ನನ್ನನ್ನು ಕೇಳಿದರೆ ಆ ರಾತ್ರಿ ಅಲ್ಲಾಡಿದ್ದು ಟಿವಿ ಮುಂದೆ ಕೂತಿದ್ದ ಅಪ್ಪ ಅಮ್ಮನ ಬದುಕು. ಅವರಾಗಿ ನಟಿಸಿದ ಇಬ್ಬರೂ ವೃತ್ತಿನಟರಲ್ಲ. ಅವರ ಮಾತು ಪಕ್ಕದ ಮನೆಯ ಜಗಳದಂತೆ ಕೇಳಿಸುವುದಕ್ಕೆ ಅದೂ ಒಂದು ಕಾರಣ.

‘ಒಡೆದ ಹೃದಯದೊಂದಿಗೆ ಮರಳುತ್ತಾಳೆ’ ಎಂದು ಮುಗಿಸಿದ್ದೀರಿ. ಸಿನಿಮಾ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಹಾಸ್ಟೆಲ್‌ಗೆ ಬಂದು ಗೆಳತಿಯ ಹತ್ತಿರ, ಅವನ ಮನೆಯವರು ತುಂಬ ಒಳ್ಳೆಯವರು ಎಂದು ಹೇಳಿಕೊಳ್ಳುತ್ತಾಳೆ. ಆ ಸುಳ್ಳನ್ನು ನೀವು ಹೇಗೆ ಬಿಟ್ಟಿರಿ?

ಅವಳು ಮಿಲ್ಡಾನ ಮನೆಬಾಗಿಲಿಗೆ ಬರುವಲ್ಲಿಂದ ಶುರು ಮಾಡಿ, ಎಂಟುನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಡಾನ್ಸ್ ಹಾಲ್ ಪ್ಯಾರಾ ಮಾತ್ರ ಮುಟ್ಟಬೇಡಿ.