ಶೇ 70 ಮೆಚ್ಚುಗೆ ಇದ್ದರೂ ಜನ ಯಾಕೆ ಬಿಟ್ಟು ಹೋಗುತ್ತಿದ್ದಾರೆ?

ಪ್ರಶ್ನೆ: ನಾಲ್ಕು ಜನ ಸೇರಿ ಒಂದು ಮೊಬೈಲ್ ಆ್ಯಪ್ ನಡೆಸುತ್ತಿದ್ದೇವೆ. ಅದರ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಬಂದ ಸುಮಾರು 6,000 ಕಾಮೆಂಟುಗಳನ್ನು, ಅವು ಮೆಚ್ಚುಗೆಯೋ ಟೀಕೆಯೋ ಎಂದು ಹೇಳುವ ಒಂದು ಟೂಲ್‌ಗೆ ಹಾಕಿದೆವು. ಶೇ 70ರಷ್ಟು ‘ಪಾಸಿಟಿವ್’ ಎಂದಿತು. ಆದರೆ ಆ್ಯಪ್ ತೆಗೆದುಹಾಕುವವರು ಜಾಸ್ತಿಯಾಗುತ್ತಿದ್ದಾರೆ. ಯಾವುದನ್ನು ನಂಬೋಣ?

ಉತ್ತರ: ಬಿಟ್ಟು ಹೋಗುವವರನ್ನು ನಂಬಿ. ಆ 70ನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು ಚೀಟಿ ಎತ್ತಿದ ಹಾಗೆ 200 ಕಾಮೆಂಟು ಆರಿಸಿಕೊಂಡು, ಕೂತು ಓದಿ. ಬೇಜಾರಿನ ಕೆಲಸ, ಗೊತ್ತು. ಆದರೆ ಟೂಲ್ ಎಡವಿದ್ದು ಎಲ್ಲಿ ಅಂತ ಅಲ್ಲೇ ಸಿಗುತ್ತದೆ. ‘ಸೂಪರ್ ಅಪ್‌ಡೇಟ್ ಗುರೂ, ಈಗ ಓಪನ್ನೇ ಆಗಲ್ಲ’ ಅಂತ ಒಬ್ಬರು ಬರೆದರೆ ನಮಗೆ ಕುಹಕ ತಕ್ಷಣ ಗೊತ್ತಾಗುತ್ತದೆ. ಪದ ನೋಡಿ ಅಂಕ ಕೊಡುವ ಟೂಲ್‌ಗೆ ಕಾಣುವುದು ‘ಸೂಪರ್’ ಒಂದೇ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರಂತೂ ಅದರ ಪಾಡು ಕೇಳಬೇಡಿ.

ಓದುವಾಗ ಖುಷಿಯೋ ಸಿಟ್ಟೋ ಅಂತ ಸುಮ್ನೆ ಗುರುತು ಹಾಕಿದರೆ ಸಾಲದು. ಯಾತಕ್ಕೆ ಅಂತ ಬರೆದುಕೊಳ್ಳಿ: ಲಾಗಿನ್, ಹಣ ಕಟ್ಟುವುದು, ಜಾಹೀರಾತಿನ ಕಾಟ. ಆ 200ರಲ್ಲಿ 50 ಕಾಮೆಂಟು ಆರಿಸಿ, ಅವನ್ನೇ ಇಬ್ಬರು ಬೇರೆ ಬೇರೆಯಾಗಿ ವಿಂಗಡಿಸಿ, ಆಮೇಲೆ ತಾಳೆ ನೋಡಿ. ಹೊಂದದಿದ್ದರೆ ನಿಮ್ಮ ವಿಂಗಡಣೆಯೇ ಸ್ಪಷ್ಟವಾಗಿಲ್ಲ ಎಂದರ್ಥ. ಮುಂದೆ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ, ಅಪ್‌ಡೇಟ್ ಬಿಟ್ಟ ದಿನಗಳ ಜೊತೆ ಇಟ್ಟು ನೋಡಿ. ವಾರಕ್ಕೆ 3 ಇದ್ದ ಲಾಗಿನ್ ದೂರು ಒಂದು ಅಪ್‌ಡೇಟ್ ಆದಮೇಲೆ 30 ಆಗಿದ್ದರೆ, ಒಟ್ಟು ಶೇಕಡಾವಾರಿನಲ್ಲಿ ಅದು ಕಾಣುವುದೇ ಇಲ್ಲ. ನಿಮಗೆ ಬೇಕಾದ್ದು ಮಾತ್ರ ಅದೇ.

ಇನ್ನೊಂದು ಮಾತು. ಬರೆಯುವವರೇ ಕಡಿಮೆ, ಅಲ್ವಾ? ಆನ್‌ಲೈನ್ ಗುಂಪುಗಳಲ್ಲಿ 100ರಲ್ಲಿ 90 ಜನ ಸುಮ್ಮನೆ ನೋಡುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಬಹುಪಾಲು ಬರೆಯುವವನು ಒಬ್ಬನೇ ಅಂತ ವೆಬ್‌ಸೈಟುಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲೇ ಬರೆದಿದ್ದರು. ಅದು ಅಂದಾಜಿನ ಲೆಕ್ಕ, ಎಲ್ಲ ಕಡೆ ಹಾಗೇ ಇರಬೇಕೆಂದಿಲ್ಲ. ಆದರೂ 6,000 ಕಾಮೆಂಟು ಅಂದರೆ 6,000 ಜನ ಅಲ್ಲ. ಒಬ್ಬೊಬ್ಬರು ಎಷ್ಟು ಬರೆದಿದ್ದಾರೆ, ಎಣಿಸಿ. ನಾಲ್ಕೈದು ಜನ ಅಭಿಮಾನಿಗಳೇ ಆ 70ನ್ನು ಹಿಗ್ಗಿಸಿರಬಹುದು.

ಬೇಸತ್ತವರಲ್ಲಿ ಹೆಚ್ಚಿನವರು ಜಗಳ ಆಡುವುದಿಲ್ಲ, ಮಾತಿಲ್ಲದೆ ಎದ್ದು ಹೋಗುತ್ತಾರೆ. ಅವರ ಕಾಮೆಂಟು ನಿಮ್ಮ ರಾಶಿಯಲ್ಲಿ ಇರುವುದೇ ಇಲ್ಲ. ಇಮೇಲ್ ಕಳಿಸಲು ಮೊದಲೇ ಒಪ್ಪಿಗೆ ಕೊಟ್ಟವರಲ್ಲಿ, ಎರಡು ವಾರದಿಂದ ಆ್ಯಪ್ ತೆರೆಯದವರಿಗೆ ಒಂದೇ ಪ್ರಶ್ನೆ ಕಳಿಸಿ: ‘ಯಾವುದು ಸರಿ ಹೋಗಲಿಲ್ಲ?’ ಹತ್ತು ಉತ್ತರ ಬಂದರೂ ಸಾಕು, ಕಾಮೆಂಟುಗಳನ್ನು ಯಾವ ಕಡೆಯಿಂದ ಓದಬೇಕು ಅಂತ ಗೊತ್ತಾಗುತ್ತದೆ. ಕಾಮೆಂಟುಗಳನ್ನು ವಿಂಗಡಿಸಿ ಬರೆದುಕೊಂಡ ಹಾಳೆಯನ್ನು ತಂಡದಲ್ಲಿ ಹಂಚುವ ಮುಂಚೆ ಬರೆದವರ ಹೆಸರು, ಪ್ರೊಫೈಲ್ ಲಿಂಕ್ ತೆಗೆದುಬಿಡಿ.