ಟೇಪಿನ ತಪ್ಪು ಹಿಡಿಯುವ ವಿಧಾನಕ್ಕೆ ಪೇಟೆಂಟ್ ಸಿಕ್ಕೀತೆ?

ಪ್ರಶ್ನೆ: ಮ್ಯಾಗ್ನೆಟಿಕ್ ಟೇಪಿನ ಮೇಲೆ ದತ್ತಾಂಶ ಬರೆಯುವಾಗ ನುಸುಳುವ ತಪ್ಪುಗಳನ್ನು ಪತ್ತೆಹಚ್ಚುವ ವಿಧಾನವೊಂದಕ್ಕೆ ಪೇಟೆಂಟ್ ಕೋರಬೇಕೆಂದಿದ್ದೇನೆ. ‘ಇದು ಬರೀ ಲೆಕ್ಕಾಚಾರ’ ಎಂದು ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿದೆಯೇ? ಬೆಂಗಳೂರಿನವರು ಎಲ್ಲಿಗೆ ಹೋಗಬೇಕು?
– ಓದುಗರೊಬ್ಬರು, ಪೀಣ್ಯ

ಉತ್ತರ: ನಿಮ್ಮ ಅಂಜಿಕೆಗೆ ಕಾರಣವಿದೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನವಾಗಲಿ ಅಲ್ಗಾರಿದಮ್ ಆಗಲಿ ಆವಿಷ್ಕಾರವಲ್ಲ; ಕಂಪ್ಯೂಟರ್ ಪ್ರೋಗ್ರಾಂ ಕೂಡ ತನ್ನಷ್ಟಕ್ಕೆ ತಾನೇ ಆವಿಷ್ಕಾರವೆನಿಸುವುದಿಲ್ಲ. ಆದರೆ ಟೇಪಿನ ವಿಷಯದಲ್ಲಿ ಲೆಕ್ಕ ಎಲ್ಲಿ ಮುಗಿಯಿತು, ಯಂತ್ರ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ.

ಹಳೆಯ ಒಂಬತ್ತು ಟ್ರ್ಯಾಕಿನ ಟೇಪನ್ನೇ ನೋಡಿ. ಅಡ್ಡಸಾಲೊಂದರಲ್ಲಿ 8 ಬಿಟ್ (ಸೊನ್ನೆ ಅಥವಾ ಒಂದು) ದತ್ತಾಂಶವಿದ್ದರೆ, ಒಂಬತ್ತನೆಯದು ಒಟ್ಟು ಒಂದುಗಳ ಸಂಖ್ಯೆಯನ್ನು ಬೆಸವಾಗಿಸುವ ಪ್ಯಾರಿಟಿ ಬಿಟ್. ಓದುವಾಗ ಸರಿಸಂಖ್ಯೆ ಬಂದರೆ ತಪ್ಪಾಗಿದೆ ಎಂದರ್ಥ. (ಒಂದೇ ಸಾಲಿನಲ್ಲಿ ಎರಡು ಬಿಟ್ ಕೆಟ್ಟರೆ ಈ ಕಾವಲಿಗೆ ಗೊತ್ತಾಗುವುದಿಲ್ಲ, ಆದ್ದರಿಂದಲೇ ಟ್ರ್ಯಾಕಿನ ಉದ್ದಕ್ಕೂ ಇನ್ನೊಂದು ತಪಾಸಣೆ ಇಡುತ್ತಿದ್ದರು.) ಇಷ್ಟೇ ಆಗಿದ್ದರೆ ಅದನ್ನು ಲೆಕ್ಕವೆನ್ನಬಹುದಿತ್ತು. ಆದರೆ ‘ಒಂದು’ ಬಂದಾಗ ಮಾತ್ರ ಕಾಂತೀಯ ದಿಕ್ಕು ತಿರುಗುವ ಬರವಣಿಗೆಯಲ್ಲಿ, ಎಂಟೂ ಸೊನ್ನೆಯಾದ ಸಾಲು ಓದುವ ಹೆಡ್ಡಿಗೆ ಖಾಲಿ ಟೇಪಿನಂತೆಯೇ ಕಾಣುತ್ತದೆ. ಬೆಸ ಪ್ಯಾರಿಟಿ ಪ್ರತಿ ಸಾಲಿನಲ್ಲೂ ಕನಿಷ್ಠ ಒಂದು ತಿರುವನ್ನು ಖಾತ್ರಿಪಡಿಸಿ, ಸಾಲು ಎಲ್ಲಿದೆ ಎಂಬುದನ್ನೂ ಹೆಡ್ಡಿಗೆ ತಿಳಿಸುತ್ತದೆ. ನಿಮ್ಮ ವಿಧಾನದಲ್ಲೂ ಇಂಥದ್ದೇನಾದರೂ ಇದ್ದರೆ, ವಾದದ ಜೀವಾಳ ಅದೇ. ತಾಂತ್ರಿಕ ಪರಿಣಾಮ ಅಥವಾ ಕೊಡುಗೆ ತೋರಿಸುವ ಆವಿಷ್ಕಾರವನ್ನು ಕಂಪ್ಯೂಟರ್ ಪ್ರೋಗ್ರಾಂ ಆಧರಿಸಿದ್ದೆಂಬ ಕಾರಣಕ್ಕೇ ತಳ್ಳಿಹಾಕಲಾಗದು ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ.

ಮೇಲ್ಮನವಿಯ ಹಕ್ಕು ಸೆಕ್ಷನ್ 117ಎ ಅಡಿಯಲ್ಲಿದೆ. ಮೊದಲು ಇದಕ್ಕೆಂದೇ ಇದ್ದ ಮಂಡಳಿ 2021ರಲ್ಲಿ ರದ್ದಾದ ಮೇಲೆ ಮನವಿ ಹೈಕೋರ್ಟಿಗೆ ಹೋಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುವುದರಿಂದ, ವಿಧಾನಸೌಧದೆದುರಿನ ಅಠಾರಾ ಕಚೇರಿ, ಅಂದರೆ ಕರ್ನಾಟಕ ಹೈಕೋರ್ಟ್, ಕೂಗಳತೆಯಲ್ಲಿದ್ದರೂ ನೀವು ಸಾಮಾನ್ಯವಾಗಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು. ಆದೇಶದಿಂದ ಮೂರು ತಿಂಗಳ ಗಡುವಿದೆ. ಅದನ್ನು ವಿಸ್ತರಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ನೀವಿನ್ನೂ ಅರ್ಜಿ ಹಾಕಿಲ್ಲವಾದ್ದರಿಂದ ಒಂದು ಮಾತು: ಹೆಡ್ಡು, ಟ್ರ್ಯಾಕು, ತಪ್ಪು ಸಿಕ್ಕಾಗ ಯಂತ್ರ ಮಾಡುವ ಕೆಲಸ, ಇವೆಲ್ಲವನ್ನೂ ಮೊದಲ ವಿವರಣೆಯಲ್ಲೇ ಬರೆಯಿರಿ. ಅಲ್ಲಿ ಇಲ್ಲದ್ದನ್ನು ಮುಂದೆ ತಿದ್ದುಪಡಿಯ ನೆಪದಲ್ಲಿ ಸೇರಿಸಲು ಸೆಕ್ಷನ್ 59 ಬಿಡುವುದಿಲ್ಲ.